ಕೂರದ ಲೆನ್ಸು

“ನನಗೊಂದು ಲೆನ್ಸ್ ಬೇಕು ಅಕ್ತರ್ ಭಾಯ್. ವಸಂತ್ ಸಾರ್ ಕ್ಯಾಮೆರಾಗೆ ಅದು ಕೂರಬಾರದು.”

ಅಕ್ತರ್ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಪರದೆ ಬಟ್ಟೆ ಮಾರುವ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಕೂತು ಮೂವತ್ತು ವರ್ಷದಿಂದ ಅವರು ಕ್ಯಾಮೆರಾ ರಿಪೇರಿ ಮಾಡುತ್ತಿದ್ದರು. ಸತ್ತ ಕ್ಯಾಮೆರಾಗಳ ಹಲ್ಲು, ಸ್ಪ್ರಿಂಗು, ಸ್ಕ್ರೂಗಳೆಲ್ಲ ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬಿಕೊಂಡಿದ್ದವು. ಮೆಟ್ಟಿಲು ಹತ್ತಿ ಬಂದವರೆಲ್ಲ ಇದುವರೆಗೆ ಕೇಳಿದ್ದು ಒಂದೇ ಮಾತು: ನನ್ನ ಕ್ಯಾಮೆರಾಗೆ ಕೂರುವ ಲೆನ್ಸ್ ಇದೆಯಾ?

“ಕೂರಬೇಕು ಅಂತ ಕೇಳ್ತಾರೆ ಬೇಟಾ. ಕೂರಬಾರ್ದು ಅಂತ ಕೇಳಿದವಳು ನೀನೇ ಮೊದಲು. ತಲೆ ನೆಟ್ಟಗಿದೆ ತಾನೇ?”

“ನೆಟ್ಟಗಿದೆ. ನನಗೊಂದು ಕ್ಯಾಮೆರಾ ಬಾಡಿನೂ ಬೇಕು. ಅದಕ್ಕೆ ಮಾತ್ರ ಕೂರಬೇಕು.”

ಅಕ್ತರ್‌ಗೆ ರೇವತಿ ಹೊಸಬಳೇನಲ್ಲ. ಹಲಸೂರಿನ ಎಂ.ವಿ. ಸ್ಟುಡಿಯೋದಲ್ಲಿ ಆರು ವರ್ಷದಿಂದ ಡಾರ್ಕ್‌ರೂಮಿನ ಕೆಲಸ ಅವಳದು. ಮಾಲೀಕ ವಸಂತನ ಕ್ಯಾಮೆರಾ ಸರ್ವಿಸ್ಸಿಗೆ ಹೊತ್ತು ತರುವವಳೂ ಅವಳೇ, ವಾಪಸ್ ಒಯ್ಯುವವಳೂ ಅವಳೇ.

ಅಕ್ತರ್ ಮೊದಲು ಒಂದು ರಷ್ಯನ್ ಕ್ಯಾಮೆರಾ ಎತ್ತಿ ಮುಂದಿಟ್ಟರು. “ಇದರಲ್ಲಿ ಮೊಳೆ ಹೊಡೀಬೋದು, ಆಮೇಲೆ ಫೋಟೋನೂ ತೆಗೀಬೋದು. ಲೆನ್ಸು ಬಾಟ್ಲಿ ಮುಚ್ಚಳದ ಥರ ತಿರುಗಿಸಿ ಹಾಕೋದು. ನಿಮ್ಮ ವಸಂತ್ ಕ್ಯಾಮೆರಾಗೆ ಏಳು ಜನ್ಮಕ್ಕೂ ಕೂರಲ್ಲ.”

ರೇವತಿ ಬೇಡ ಅಂತ ತಲೆಯಾಡಿಸಿದಳು. “ಇದು ನೋಡಿದ ತಕ್ಷಣ ಬೇರೆ ಅಂತ ಗೊತ್ತಾಗತ್ತೆ. ಕೂರೋ ಹಾಗೆ ಕಾಣಬೇಕು ಭಾಯ್. ಕೂರಬಾರದು.”

ಕೆಳಗಿನ ಗಲ್ಲಿಯಲ್ಲಿ ಕೈಗಾಡಿಯವನೊಬ್ಬ ದಾರಿ ಬಿಡಿ ಅಂತ ಬೈಯುತ್ತಾ ಹೋದ. ಅಕ್ತರ್ ಅವಳ ಮುಖವನ್ನೇ ಒಂದಷ್ಟು ಹೊತ್ತು ನೋಡಿದರು. ಎದ್ದು, ಮಂಚದ ಕೆಳಗಿನ ಟ್ರಂಕು ಎಳೆದು, ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಗಂಟು ತೆಗೆದರು. ಒಳಗಿದ್ದದ್ದು ಹಳೇ ನಿಕಾನ್ ಲೆನ್ಸು, ನೂರೈದು ಎಂ.ಎಂ., ಪೂರ್ತಿ ಲೋಹದ್ದು, ಕೈಯಲ್ಲಿ ಹಿಡಿದರೆ ತೂಕದ ಬಟ್ಟಿನಷ್ಟು ಭಾರ.

“ಎಪ್ಪತ್ತೇಳನೇ ಇಸವಿಗೆ ಮೊದಲಿಂದು. ವಸಂತ್ ಹತ್ರ ಇರೋದೂ ನಿಕಾನ್, ಇದೂ ನಿಕಾನ್. ಹಿಂದೆ ಮೂರು ಉಗುರು, ಅದೇ ಅಳತೆ, ಅದೇ ತಿರುವು. ಆದ್ರೆ ಇಲ್ನೋಡು.” ಅಕ್ತರ್ ಎರಡು ಬಾಡಿ ತಂದು ಅಕ್ಕಪಕ್ಕ ಇಟ್ಟರು. ಒಂದು ಹಳೇ ನಿಕಾನ್ ಎಫ್‌ಎಂ, ಇನ್ನೊಂದು ಯಾರೋ ರಿಪೇರಿಗೆ ಕೊಟ್ಟಿದ್ದ ಎಫ್‌ಎಂ ಟೂ, ವಸಂತನದೇ ಮಾದರಿ. ಎರಡರ ಬಾಯಿಯ ಅಂಚಿನಲ್ಲೂ ಉಗುರಿನಷ್ಟು ಸಣ್ಣ ಲೋಹದ ನಾಲಿಗೆ ಇತ್ತು. “ಈ ನಾಲಿಗೆ ಲೆನ್ಸಿನ ಜೊತೆ ಮಾತಾಡಿ ಬೆಳಕಿನ ಅಳತೆ ಹೇಳತ್ತೆ. ಹೊಸ ಲೆನ್ಸುಗಳ ಅಂಚನ್ನ ಇದಕ್ಕೆ ಅಂತಾನೇ ಸ್ವಲ್ಪ ತರಿದಿರ್ತಾರೆ. ಹಳೇದರಲ್ಲಿ ತರಿದಿಲ್ಲ. ಎಫ್‌ಎಂ ಬುದ್ಧಿವಂತ, ನಾಲಿಗೆ ಮಡಚ್ಕೊಂಡು ಹಿರಿಯರಿಗೆ ಜಾಗ ಬಿಡ್ತಾನೆ.” ಒಂದು ಗುಂಡಿ ಒತ್ತಿದರು, ನಾಲಿಗೆ ಮೇಲಕ್ಕೆ ಮಡಚಿಕೊಂಡಿತು. “ಎಫ್‌ಎಂ ಟೂ ನಾಲಿಗೆ ಮಡಚಲ್ಲ. ಬಲವಂತ ಮಾಡಿದ್ರೆ ಮುರಿಯತ್ತೆ.”

“ಇದೇ,” ಅಂದಳು ರೇವತಿ.

ಆಮೇಲೆ ಎಫ್‌ಎಂ ಅನ್ನು ಅವಳು ಹೆಣ್ಣು ನೋಡುವವರಿಗಿಂತ ಕಠಿಣವಾಗಿ ನೋಡಿದಳು. ಹಿಂಬಾಗಿಲು ತೆರೆದು ಕಿಟಕಿಗೆ ಹಿಡಿದು ಒಂದೊಂದು ವೇಗದಲ್ಲೂ ಕ್ಲಿಕ್ ಮಾಡಿ ಕಿವಿಗೊಟ್ಟಳು. ಒಂದು ಸೆಕೆಂಡಿನದ್ದು ಕುಂಟುತ್ತಿದೆ ಅಂದಳು. ಬಾಗಿಲ ಅಂಚಿನ ಸ್ಪಂಜು ಕರಗಿ ಅಂಟಾಗಿದೆ, ಬೆಳಕು ನುಗ್ಗುತ್ತೆ, ಬದಲಿಸಿ ಅಂದಳು. ಕಪ್ಪು ಬಣ್ಣ ಸವೆದು ಮೂಲೆಗಳಲ್ಲಿ ಹಿತ್ತಾಳೆ ಕಾಣುತ್ತಿತ್ತು. ಅದಕ್ಕೆ ಏನೂ ಅನ್ನಲಿಲ್ಲ. ಕೊನೆಗೆ ಲೆನ್ಸನ್ನು ಎತ್ತಿ ಉಂಗುರ ತಿರುಗಿಸಿದಳು. ಬೆಳಕು ಬಿಡುವ ಕಿಂಡಿಯ ಸುತ್ತಲಿನ ಆರು ಲೋಹದ ಎಸಳುಗಳು ಮುಚ್ಚಿಕೊಂಡವು. ಒಂದು ಎಸಳು ಸೊಟ್ಟಗೆ ಒಳಕ್ಕೆ ಬಾಗಿತ್ತು.

“ಯಾರೋ ಬೀಳಿಸಿದ್ರು. ಬಿಚ್ಚಿ ನೆಟ್ಟಗೆ ಮಾಡಿಕೊಡ್ತೀನಿ,” ಅಂದರು ಅಕ್ತರ್.

ರೇವತಿ ಲೆನ್ಸನ್ನು ಬೆಳಕಿಗೆ ಹಿಡಿದೇ ಇದ್ದಳು. “ಬೇಡ. ಹಾಗೇ ಇರಲಿ.”

“ಹಿಂದೆ ಬೆಳಕಿನ ಚುಕ್ಕೆ ಇದ್ರೆ ಎಲ್ಲಾ ಚುಕ್ಕೆನೂ ಕಚ್ಚಿದ ಬಿಸ್ಕತ್ ಥರ ಬರತ್ತೆ, ಬೇಟಾ.”

“ಬರಲಿ. ಬೇರೆ ಯಾರ ಲೆನ್ಸಲ್ಲೂ ಹಾಗೆ ಬರಲ್ಲ ತಾನೇ?”

ಅಕ್ತರ್‌ಗೆ ಅರ್ಥವಾಯಿತು. ಅವರು ಮತ್ತೆ ಮಂಚದ ಮೇಲೆ ಕೂತರು. “ವಸಂತ್ ನನ್ನ ಗಿರಾಕಿ.”

“ಗೊತ್ತು.”

“ನಾಲಿಗೆ ಮುರಿದ್ರೆ ನನ್ನ ಹತ್ರಾನೇ ತರ್ತಾನೆ.”

“ಅದೂ ಗೊತ್ತು.”

“ಸೈತಾನ್ ಕೀ ಬಚ್ಚಿ,” ಅಂದು ಅವರು ಜೋರಾಗಿ ನಕ್ಕರು. ಅರ್ಧಕ್ಕೆ ದುಡ್ಡು, ಇನ್ನರ್ಧಕ್ಕೆ ಕೆಲಸ ಅಂತ ಮಾತಾಯಿತು. ತೀರಿಹೋದ ಅವರ ಹೆಂಡತಿ ಶಂಶುನ್ನೀಸಾ ಬೀಬಿಯ ಒಂದೇ ಒಂದು ನೆಗೆಟಿವ್ ಬೂಷ್ಟು ತಿಂದು ಹಾಳಾಗಿತ್ತು. ಅದರಿಂದ ಗೋಡೆಗೆ ಹಾಕುವಂಥ ಫೋಟೋ ಮಾಡಿಕೊಡುವುದು ರೇವತಿಯ ಪಾಲಿನ ಕೆಲಸ.

*

ಇದಕ್ಕೆಲ್ಲ ಮೂಲ ಒಂದು ವರ್ಷದ ಹಿಂದಿನದು.

ಕೆ.ಆರ್. ಪುರದ ತೂಗುಸೇತುವೆ ಆಗಿನ್ನೂ ಅರ್ಧ ಕಟ್ಟಿ ನಿಂತಿತ್ತು. ರೇವತಿಯ ಅವ್ವ ಯಂಕಮ್ಮ ಅಲ್ಲಿ ಕಾಂಕ್ರೀಟು ಹೊರುತ್ತಿದ್ದಳು. ಯಾದಗಿರಿ ಕಡೆಯಿಂದ ಗಂಡ ಅಮೃತಪ್ಪನ ಹಿಂದೆ ಬಂದವಳು. ಗಂಡ ಹೋದ ಮೇಲೂ ರಾಮಮೂರ್ತಿ ನಗರದ ಬಾಡಿಗೆ ಕೋಣೆಯನ್ನೂ ತಲೆ ಮೇಲಿನ ಬುಟ್ಟಿಯನ್ನೂ ಬಿಟ್ಟಿರಲಿಲ್ಲ. ಒಂದು ಭಾನುವಾರ ರೇವತಿ ಸ್ಟುಡಿಯೋದ ಎಫ್‌ಎಂ ಟೂ ಕೇಳಿ ತಂದು ಅವ್ವನ ಫೋಟೋ ತೆಗೆದಳು. ಮಧ್ಯಾಹ್ನದ ಊಟದ ಹೊತ್ತು, ಮರಳಿನ ರಾಶಿಗೆ ಒರಗಿದ ಯಂಕಮ್ಮ, ಮುಖದ ತುಂಬ ಸಿಮೆಂಟಿನ ಬೂದಿ, ಹಿಂದೆ ಆಕಾಶಕ್ಕೆ ಹೋದ ಕಂಬ. ಮಗಳು ತನ್ನ ಮೇಲೆ ಕ್ಯಾಮೆರಾ ಹಿಡಿದದ್ದಕ್ಕೆ ಅವಳ ಬಾಯಿ ಒಂದು ಬದಿಗೆ ಮಾತ್ರ ನಗುತ್ತಿತ್ತು.

ಆ ಫೋಟೋಗೆ ಪೂರ್ವ ಬೆಂಗಳೂರು ಛಾಯಾಚಿತ್ರ ಬಳಗದ ‘ವರ್ಷದ ಚಿತ್ರ’ ಪದಕ ಬಂತು. ಕೆಳಗಿದ್ದ ಹೆಸರು ಎಂ. ವಸಂತ್.

ರೇವತಿ ಕೇಳಿದಳು. ಕೇಳದೇ ಇರುತ್ತಾಳೆಯೇ? ವಸಂತ್ ಆಗಷ್ಟೇ ತಟ್ಟೆ ಇಡ್ಲಿ ಮುಗಿಸಿ ಕೈ ತೊಳೆಯುತ್ತಿದ್ದ. ಅಪ್ಪ ಮುನಿಶಾಮಿಯ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಮೀನು ಸೈಟುಗಳಾಗಿ, ಆ ಸೈಟು ಈ ಕಟ್ಟಡವಾಗಿ, ಕಟ್ಟಡದ ಕೆಳಗೆ ಈ ಸ್ಟುಡಿಯೋ ಆಗಿತ್ತು. ತನ್ನದು ಯಾವುದು ಅನ್ನುವುದರ ಬಗ್ಗೆ ಅವನಿಗೆ ಯಾವತ್ತೂ ಅನುಮಾನ ಬಂದಿರಲಿಲ್ಲ.

“ಕ್ಯಾಮೆರಾ ಯಾರ್ದು?” ಅಂತ ಕೇಳಿದ.

“ನಿಮ್ಮದು ಸಾರ್.”

“ಲೆನ್ಸು?”

“ನಿಮ್ಮದೇ.”

“ಫಿಲಂ, ಕೆಮಿಕಲ್ಲು, ಪೇಪರ್ರು? ನೋಡಮ್ಮಾ, ಬೇಜಾರ್ ಮಾಡ್ಕೋಬೇಡ. ನನ್ನ ತಂತಿ ಮೇಲೆ ಒಣಗಿದ್ದೆಲ್ಲಾ ನಂದು.”

ತಂತಿ ಅಂದರೆ ಡಾರ್ಕ್‌ರೂಮಿನಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದ್ದ ತಂತಿ. ತೊಳೆದ ಫಿಲಂ ಎಲ್ಲ ಅದರ ಮೇಲೇ ಕ್ಲಿಪ್ಪು ಹಾಕಿಕೊಂಡು ಒಣಗುತ್ತಿತ್ತು. ಮದುವೆಯದ್ದೂ, ಪಾಸ್‌ಪೋರ್ಟಿನದ್ದೂ, ಯಂಕಮ್ಮನದ್ದೂ. ವಸಂತ್ ಆ ಫೋಟೋವನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ರಸ್ತೆಗೆ ಕಾಣುವಂತೆ ಗೋಡೆಗೆ ನೇತುಹಾಕಿದ. ದೊಡ್ಡದು ಮಾಡಿದವಳೂ ರೇವತಿಯೇ. ಮರದ ತೊಟ್ಟಿಯ ಔಷಧಿಯಲ್ಲಿ ಅವ್ವನ ಮುಖ ಮೆಲ್ಲಗೆ ಏಳುವುದನ್ನು ನೋಡುತ್ತಾ ನಿಂತಾಗ ಅವಳಿಗೆ ಅಳು ಬರಲಿಲ್ಲ. ಬಂದದ್ದು ಇನ್ನೊಂದು. ಅದು ಬಂದು ಹೋಗಲಿಲ್ಲ, ವರ್ಷಪೂರ್ತಿ ಕೂತೇ ಇತ್ತು.

ಯಂಕಮ್ಮ ಬಸ್ಸಿನಲ್ಲಿ ಹಲಸೂರು ದಾಟುವಾಗ ಒಮ್ಮೆ ಆ ಫೋಟೋ ನೋಡಿದಳು. “ನನ್ ಮಾರಿ ಇಟ್ಟಾರಲ್ಲ, ನಿನ್ ಹೆಸ್ರು ಎಲ್ಲಿ ಬರ್ದಾರ?” ಅಂತ ಕೇಳಿದಳು. ಓದು ಬಾರದವಳಿಗೆ ಸುಳ್ಳು ಹೇಳುವುದು ಸುಲಭವಿತ್ತು. ರೇವತಿ ಸುಳ್ಳು ಹೇಳಲಿಲ್ಲ.

*

ಬಳಗದಲ್ಲಿ ಒಂದು ಪದ್ಧತಿಯಿತ್ತು. ಹಿಂದೊಮ್ಮೆ ಯಾರೋ ವಿದೇಶಿ ಪತ್ರಿಕೆಯ ಚಿತ್ರವನ್ನೇ ನಕಲು ಮಾಡಿ ಕಳಿಸಿ ಪದಕ ಹೊಡೆದಿದ್ದ. ಅಂದಿನಿಂದ ಗೆದ್ದವರು ಪದಕ ತೆಗೆದುಕೊಳ್ಳುವ ಮೊದಲು ಎಲ್ಲರೆದುರು ಕ್ಯಾಮೆರಾ ಜೋಡಿಸಿ, ಚಿತ್ರ ಹೇಗೆ ತೆಗೆದೆ ಅಂತ ತೋರಿಸಬೇಕು. ಹೋದ ವರ್ಷ ವಸಂತ್ ಹೀಗೆ ತೋರಿಸುವಾಗ ಪಕ್ಕದಲ್ಲಿ ರೇವತಿ ನಿಂತಿದ್ದಳು. ಅವನು ಕೈ ಚಾಚಿದ, ಅವಳು ಲೆನ್ಸು ಹಾಕಿ ಕೊಟ್ಟಳು. ಮದುವೆ ಮಂಟಪದಲ್ಲೂ ಹಾಗೆಯೇ. ಆಪರೇಷನ್ ಡಾಕ್ಟರಿಗೆ ನರ್ಸು ಕತ್ತರಿ ಕೊಡುವ ಹಾಗೆ. ತನ್ನ ಕ್ಯಾಮೆರಾಗೆ ವಸಂತ್ ತಾನೇ ಲೆನ್ಸು ಹಾಕಿ ಎಷ್ಟು ವರ್ಷವಾಗಿತ್ತೋ.

ಎಫ್‌ಎಂ ಕೈಗೆ ಬಂದ ಮೇಲೆ ರೇವತಿ ಹನ್ನೊಂದು ದಿನ ಬೆಳಗ್ಗೆ ರಸೆಲ್ ಮಾರ್ಕೆಟ್ಟಿಗೆ ಹೋದಳು. ಕೆಲಸಕ್ಕೆ ಹೋಗುವ ಮೊದಲಿನ ಒಂದು ಗಂಟೆ. ಮಾರ್ಕೆಟ್ಟಿನ ಬದಿಯಲ್ಲಿ ನಿಂಬೆಹಣ್ಣು ಮಾರುವ ಆಂಜನಮ್ಮನ ಜಾಗದ ಮೇಲೆ ಹಳೇ ಟಾರ್ಪಾಲು ಕಟ್ಟಿತ್ತು. ನೂರಾರು ತೂತು. ಎಂಟು ಗಂಟೆಯ ಬಿಸಿಲು ಅದರ ಹಿಂದೆ ಬಂದಾಗ ಪ್ರತಿ ತೂತೂ ಹೊತ್ತಿಕೊಳ್ಳುತ್ತಿತ್ತು.

“ಏನಮ್ಮಣ್ಣಿ, ದಿನಾ ಬರ್ತೀಯ, ಒಂದು ನಿಂಬೆಹಣ್ಣೂ ತಗಳಲ್ಲ,” ಅಂದಳು ಆಂಜನಮ್ಮ. “ನನ್ ಮೊಕದಾಗೆ ಸಿನಿಮಾ ಓಡ್ತಾ ಐತಾ?”

“ಓಡ್ತಾ ಇದೆ ಅಕ್ಕ. ಟಿಕೆಟ್ ಇಲ್ಲ.”

ಹನ್ನೊಂದನೇ ಬೆಳಗ್ಗೆ ಆಂಜನಮ್ಮ ನಿಂಬೆಹಣ್ಣು ಪೋಣಿಸಿದ ದಾರವನ್ನು ಹಲ್ಲಿನಲ್ಲಿ ಕಡಿಯುತ್ತಾ ಯಾರಿಗೋ ಬೈಯುತ್ತಾ ಕತ್ತೆತ್ತಿದಳು. ರೇವತಿ ಉಂಗುರವನ್ನು ನಾಲ್ಕಕ್ಕೆ ತಿರುಗಿಸಿ ಒತ್ತಿದಳು. ಒತ್ತಿದಾಗಲೇ ಗೊತ್ತಾಯಿತು. ಹೀಗೆ ಗೊತ್ತಾಗುವುದು ಅವಳಿಗೆ ಇದು ಎರಡನೇ ಸಲ.

ಆ ಫಿಲಂ ಅನ್ನು ಅವಳು ಅಕ್ತರ್ ಕೋಣೆಯಲ್ಲೇ ತೊಳೆಯಬಹುದಿತ್ತು. ಅಲ್ಲಿ ಬಕೆಟ್ಟಿತ್ತು, ಕತ್ತಲಿತ್ತು. ಆಂಜನಮ್ಮನ ಚಿತ್ರವನ್ನು ತನ್ನ ಹೆಸರಿನಲ್ಲೇ ಕಳಿಸಿ ನೆಟ್ಟಗೆ ಗೆಲ್ಲಬಹುದಿತ್ತು. ಅಕ್ತರ್ ಅದನ್ನೇ ಹೇಳಿದರು. “ಬೋನಿಗೆ ಕೊಬ್ಬರಿ ಚೂರು ಇಡ್ತಾರೆ ಬೇಟಾ. ನೀನು ಬಿರಿಯಾನಿ ಹಂಡೇನೇ ಇಡ್ತಾ ಇದೀಯ.”

“ಕೊಬ್ಬರಿಗೆ ಅವನು ಬರಲ್ಲ.”

“ಗೆದ್ದರೆ ಸಾಲ್ದಾ?”

“ಸಾಲ್ದು,” ಅಂದಳು ರೇವತಿ. ಗೆದ್ದರೆ ತಾನು ಮೇಲೆ ಹೋಗುತ್ತೇನೆ, ಅಷ್ಟೇ. ಅವನು ಇದ್ದಲ್ಲೇ ಇರುತ್ತಾನೆ. ಅವನು ಬೀಳಬೇಕು. ಅವನದೇ ಕೈಯಿಂದ, ಅವನದೇ ಕ್ಯಾಮೆರಾ ಹಿಡಿದು, ಎಲ್ಲರೆದುರು ಬೀಳಬೇಕು. ಬಿದ್ದ ಸದ್ದು ತನಗೆ ಕೇಳಿಸಬೇಕು.

ಫಿಲಂ ವಸಂತನ ತಂತಿಯ ಮೇಲೆ ಒಣಗಿತು. ಮೂರು ದಿನ ಅದರ ಪಕ್ಕ ಎರಡು ಮದುವೆ, ಒಂದು ನಾಮಕರಣ ಒಣಗಿದವು. ನಾಲ್ಕನೇ ದಿನ ವಸಂತ್ ಭೂತಗನ್ನಡಿ ಹಿಡಿದು ತಂತಿಯುದ್ದಕ್ಕೂ ನಡೆದು ಬಂದು ಒಂದು ಕಡೆ ನಿಂತ.

“ಇದ್ಯಾವಾಗ ತೆಗ್ದೆ?”

“ಬೆಳಗ್ಗೆ ಬರೋವಾಗ ಸಾರ್. ಸುಮ್ನೆ.”

“ಸ್ಟುಡಿಯೋ ಕ್ಯಾಮೆರಾದಲ್ಲಿ?”

ರೇವತಿ ಔಷಧಿಯ ತೊಟ್ಟಿ ಅಲ್ಲಾಡಿಸುತ್ತಾ ಇದ್ದಳು. “ಇನ್ಯಾವ್ ಕ್ಯಾಮೆರಾ ಇದೆ ಸಾರ್ ನನ್ನ ಹತ್ರ?”

ಅವನು ಮತ್ತೇನೂ ಕೇಳಲಿಲ್ಲ. ಸಂಜೆ ಹೋಗುವಾಗ, “ಹನ್ನೆರಡು ಹದಿನೈದರ ಸೈಜಿಗೆ ಒಂದು ಪ್ರಿಂಟ್ ಹಾಕು. ನೀಟಾಗಿ ಬರ್ಲಿ,” ಅಂದ. ಮಾರನೇ ದಿನ ತನ್ನ ಹೆಸರಿನ ಚೀಟಿಯನ್ನೂ ಗೋಂದನ್ನೂ ಅವಳ ಮುಂದೆ ಇಟ್ಟ. ಅವಳೇ ಅಂಟಿಸಿದಳು. ಮೂಲೆ ಏಳದಂತೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದಳು.

*

ಗೆದ್ದ ಪತ್ರ ಬಂದಾಗ ಅದರ ಕೆಳಗೆ ತೀರ್ಪುಗಾರ್ತಿ ಆದಿಲಕ್ಷ್ಮಿಯವರ ಕೈಬರಹದಲ್ಲಿ ಎರಡು ಸಾಲಿತ್ತು. ರಿಚರ್ಡ್ಸ್ ಟೌನಿನ ಆದಿಲಕ್ಷ್ಮಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು; ಬಳಗದಲ್ಲಿ ಅವರ ಕಣ್ಣಿಗೆ ಎಲ್ಲರೂ ಹೆದರುತ್ತಿದ್ದರು. ‘ಹಿನ್ನೆಲೆಯ ಬೆಳಕಿನ ಚುಕ್ಕೆಗಳೆಲ್ಲ ಒಂದೇ ಕಡೆ ಕಚ್ಚಿದ ಹಾಗಿವೆ. ಬಹಳ ಕುತೂಹಲ. ಭಾನುವಾರ ಅದನ್ನು ವಿವರಿಸುವಿರೆಂದು ನಂಬಿದ್ದೇನೆ.’

ವಸಂತ್ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದ. ದೂರ ಹಿಡಿದ. “ಲೇ ರೇವತೀ! ಏನೇ ಇದು? ಇಲಿ ಕಚ್ಚಿದ್ದಾ?”

“ಲೆನ್ಸಿಂದು ಸಾರ್,” ಅಂದಳು ಅವಳು. ಮೇಜಿನ ಖಾನೆಯಿಂದ ಕರವಸ್ತ್ರದ ಗಂಟು ತೆಗೆದು ಮುಂದಿಟ್ಟಳು. “ಇದರಲ್ಲಿ ತೆಗ್ದಿದ್ದು. ಅಕ್ತರ್ ಭಾಯ್ ಹತ್ರ ಇತ್ತು. ಎಸಳು ಸೊಟ್ಟ ಆಗಿದೆ. ಅದೇ ಹೇಳಿ, ಬೇಕಂತಲೇ ಈ ಲೆನ್ಸ್ ಹಾಕಿದೆ ಅಂತ.”

ಅವನ ಮುಖ ಅರಳಿತು. ಲೆನ್ಸನ್ನು ತಿರುಗಿಸಿ ಹಿಂಭಾಗ ನೋಡಿದ. ಮೂರು ಉಗುರು, ಮುಂದೆ ಕೆತ್ತಿದ ನಿಕಾನ್ ಅನ್ನುವ ಹೆಸರು. “ಬೇಕಂತಲೇ. ಸೂಪರ್. ನಮ್ಮ ಕ್ಯಾಮೆರಾಗೆ ಕೂರುತ್ತಲ್ಲಾ?”

ರೇವತಿ ಖಾಲಿ ಕರವಸ್ತ್ರವನ್ನು ಮಡಚತೊಡಗಿದಳು. “ನಿಕಾನ್ ಅಲ್ವಾ ಸಾರ್,” ಅಂದಳು.

“ಎಲ್ಲಿ, ಹಾಕು ನೋಡಣ.”

ಅವಳು ಕಪಾಟಿನ ಕಡೆ ಹೆಜ್ಜೆ ಇಟ್ಟಳು. ದೇವರು ಅನ್ನುವವನೊಬ್ಬನಿದ್ದರೆ ಇದೇ ಗಳಿಗೆಯಲ್ಲಿ ಕಾಣಿಸಿಕೊಳ್ಳಲಿ ಅಂದುಕೊಂಡಳು. ಅವನ ಬದಲು ಒಳಗೆ ಬಂದದ್ದು ಒಂದು ಸಂಸಾರ. ಎರಡು ಮಕ್ಕಳು, ಅಜ್ಜಿ, ರೇಷನ್ ಕಾರ್ಡಿಗೆ ಗ್ರೂಪ್ ಫೋಟೋ, ಅರ್ಜೆಂಟು. ವಸಂತ್ ಲೆನ್ಸನ್ನು ಅವಳ ಕೈಗೆ ಕೊಟ್ಟು ತಲೆ ಬಾಚಿಕೊಳ್ಳುತ್ತಾ ಎದ್ದ. “ಆಯ್ತು, ಬ್ಯಾಗಲ್ಲಿಡು.”

ಅವಳು ಬ್ಯಾಗಿನಲ್ಲಿಟ್ಟಳು. ಬಾಡಿ ಒಂದು ಕಡೆ, ಲೆನ್ಸು ಒಂದು ಕಡೆ.

*

ಭಾನುವಾರ ರಿಚರ್ಡ್ಸ್ ಟೌನಿನ ಸಭಾಂಗಣದಲ್ಲಿ ಅರವತ್ತು ಕುರ್ಚಿಯಲ್ಲಿ ಎಪ್ಪತ್ತು ಜನ ಕೂತಿದ್ದರು. ಗೋಡೆಯ ಮೇಲೆ ಆಂಜನಮ್ಮ ದಾರ ಕಡಿಯುತ್ತಿದ್ದಳು. ಅವಳ ತಲೆಯ ಹಿಂದೆ ನೂರಾರು ಕಚ್ಚಿದ ಚಂದ್ರರು.

ವಸಂತ್ ಹೊಸ ಬ್ಲೇಜರು ಹಾಕಿಕೊಂಡು ಮಾತಾಡಿದ. ಬಡವರ ಬದುಕಿನ ಬಗ್ಗೆ ಮಾತಾಡಿದ, ಬೆಳಗಿನ ಬೆಳಕಿನ ಬಗ್ಗೆ ಮಾತಾಡಿದ. “ಈ ಚುಕ್ಕೆಗಳು ಆಕಸ್ಮಿಕ ಅಲ್ಲ. ಇದಕ್ಕಂತಲೇ ಒಂದು ಹಳೇ ಲೆನ್ಸ್ ಹುಡುಕಿದೆ,” ಅಂದ. ಎಡಗೈ ಪಕ್ಕಕ್ಕೆ ಚಾಚಿದ. ಅಲ್ಲಿ ಯಾರೂ ಇರಲಿಲ್ಲ. ರೇವತಿ ಕೊನೇ ಸಾಲಿನಲ್ಲಿ, ಮಡಿಲಲ್ಲಿ ಪ್ಲಾಸ್ಟಿಕ್ ವೈರಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವನು ಹುಬ್ಬು ಹಾರಿಸಿ ಕರೆದ. ಅವಳು ಬುಟ್ಟಿಯ ಹಿಡಿಕೆ ನೋಡುತ್ತಿದ್ದಳು.

ಅವನೇ ಬ್ಯಾಗು ತೆರೆದು, ಬಾಡಿಯ ಮುಚ್ಚಳ ತೆಗೆದು, ಲೆನ್ಸು ಹಿಡಿದು ತಿರುಗಿಸಿದ. ಅರ್ಧಕ್ಕೆ ನಿಂತಿತು. ತೆಗೆದು ಇನ್ನೊಮ್ಮೆ ಇಟ್ಟ. ಮತ್ತೆ ಅಲ್ಲೇ ನಿಂತಿತು.

“ಸ್ವಲ್ಪ ಟೈಟ್ ಇದೆ,” ಅಂತ ನಕ್ಕ.

ಮುಂದಿನ ಸಾಲಿನಿಂದ ಆದಿಲಕ್ಷ್ಮಿ ಕನ್ನಡಕ ಸರಿಮಾಡಿಕೊಂಡು ಎದ್ದರು. “ವಸಂತ್, ಅದು ಎಫ್‌ಎಂ ಟೂ ಅಲ್ವಾ? ನಿಲ್ಲಿಸಿ. ಪ್ಲೀಸ್, ಒತ್ತಬೇಡಿ.”

ಆದರೆ ಎಪ್ಪತ್ತು ಜನ ನೋಡುತ್ತಿದ್ದರು. ತನ್ನ ಕ್ಯಾಮೆರಾ ತನ್ನ ಮಾತು ಕೇಳುತ್ತಿಲ್ಲ ಅನ್ನುವುದನ್ನು ವಸಂತ್ ಅಷ್ಟು ಜನರ ಮುಂದೆ ಒಪ್ಪಿಕೊಳ್ಳುವವನಲ್ಲ. ಮೊಣಕೈ ಎತ್ತಿ, ಹಲ್ಲು ಕಚ್ಚಿ, ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸುವ ಹಾಗೆ ತಿರುಗಿಸಿದ.

ಟಕ್.

ಸಣ್ಣ ಸದ್ದು. ಕಡಲೆಕಾಯಿ ಒಡೆದಷ್ಟೇ. ಕೊನೇ ಸಾಲಿನವರೆಗೆ ಕೇಳಿಸಿತು. ರೇವತಿ ಕಣ್ಣು ಮುಚ್ಚಿ ಅದನ್ನು ಪೂರ್ತಿ ಕೇಳಿಸಿಕೊಂಡಳು.

“ಆ ಬಾಡಿ ಮೇಲೆ ಈ ಲೆನ್ಸ್ ಕೂರಲ್ಲ ರೀ,” ಅಂದರು ಆದಿಲಕ್ಷ್ಮಿ. ಧ್ವನಿ ಏರಲಿಲ್ಲ. “ಇವತ್ತಷ್ಟೇ ಅಲ್ಲ, ಯಾವತ್ತೂ ಕೂರಲ್ಲ. ಹಾಗಿದ್ರೆ ಈ ಫೋಟೋ ನೀವು ಹೇಗೆ ತೆಗೆದ್ರಿ?”

ವಸಂತ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ರೇವತಿ ನಡುವಿನ ದಾರಿಯಲ್ಲಿ ನಡೆದು ಬಂದಾಗಿತ್ತು. ಅವನ ಕೈಯಿಂದ ಕ್ಯಾಮೆರಾ ತೆಗೆದುಕೊಂಡಳು. ಅವನು ಅಭ್ಯಾಸಬಲದಿಂದ ಕೊಟ್ಟುಬಿಟ್ಟ. ಸಿಕ್ಕಿಕೊಂಡಿದ್ದ ಲೆನ್ಸನ್ನು ಹಿಂದಕ್ಕೆ ತಿರುಗಿಸಿ ಬಿಡಿಸಿದಳು. ಮುರಿದ ನಾಲಿಗೆ ನೆಲಕ್ಕೆ ಬಿತ್ತು. ಕ್ಯಾಮೆರಾವನ್ನು ಅವನ ಕೈಗೇ ವಾಪಸ್ ಕೊಟ್ಟಳು. ವೈರಿನ ಬುಟ್ಟಿಯಿಂದ, ಊಟದ ಡಬ್ಬಿಯ ಕೆಳಗಿನಿಂದ, ಹಿತ್ತಾಳೆ ಕಾಣುವ ಎಫ್‌ಎಂ ತೆಗೆದು ಗುಂಡಿ ಒತ್ತಿ ಅದರ ನಾಲಿಗೆ ಮಡಚಿದಳು. ಲೆನ್ಸು ಬೆಣ್ಣೆಯೊಳಗೆ ತಿರುಗಿದ ಹಾಗೆ ತಿರುಗಿ ಕೂತಿತು.

“ಹೀಗೆ ಮೇಡಂ,” ಅಂದಳು. “ಎಸಳು ನಾಲ್ಕರಲ್ಲಿ, ಶಟರು ನೂರಿಪ್ಪತ್ತೈದಕ್ಕೆ. ಆಕೆ ಹೆಸರು ಆಂಜನಮ್ಮ. ಆವತ್ತು ನಿಂಬೆಹಣ್ಣು ಕೊಳೆತಿದೆ ಅಂದವನಿಗೆ ಬೈತಾ ಇದ್ಲು.”

ಯಾರೋ ನಕ್ಕರು. ಆದಿಲಕ್ಷ್ಮಿ ಎಫ್‌ಎಂ ಇಸಿದುಕೊಂಡು, ಕಿಟಕಿಯ ಕಡೆ ತಿರುಗಿಸಿ, ಆರು ಎಸಳುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ರಿಜಿಸ್ಟರ್ ತರಿಸಿ, ಎಂ. ವಸಂತ್ ಅನ್ನುವುದರ ಮೇಲೆ ಅಡ್ಡಗೆರೆ ಎಳೆದು, ಪೆನ್ನನ್ನು ರೇವತಿಗೆ ಕೊಟ್ಟರು. “ನಿಮ್ಮ ಕೈಯಲ್ಲೇ ಬರೀರಿ.”

ರೇವತಿ ಬರೆದಳು. ಬರೆದು, ಹಿಂದಿನ ಪುಟ ತಿರುವಿದಳು. “ಇದೂ ನಂದೇ ಮೇಡಂ. ಹೋದ ವರ್ಷದ್ದು. ಇದು ನಮ್ಮವ್ವ.”

ಆದಿಲಕ್ಷ್ಮಿ ಆ ಪುಟದ ಮೇಲೆ ಬಾಗಿದರು.

“ಯಾವ ಕ್ಯಾಮೆರಾ?” ಅಂತ ಕೇಳಿದರು ಆದಿಲಕ್ಷ್ಮಿ.

“ಅವರದ್ದು.”

“ಲೆನ್ಸು?”

“ಅವರದ್ದೇ.”

ಆದಿಲಕ್ಷ್ಮಿ ಕನ್ನಡಕ ತೆಗೆದರು. “ನಾನು ನಿಮ್ಮನ್ನ ನಂಬ್ತೀನಮ್ಮ. ಆದ್ರೆ ನಂಬಿಕೇನ ರಿಜಿಸ್ಟರಲ್ಲಿ ಬರೆಯೋಕಾಗಲ್ಲ.”

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ವಸಂತ್ ಕತ್ತೆತ್ತಿದ. ಮುರಿದ ಕ್ಯಾಮೆರಾವನ್ನು ಎದೆಗೊತ್ತಿಕೊಂಡು ಸ್ವಲ್ಪವೇ ನಕ್ಕ. ಆ ನಗು ಫೋಟೋದಲ್ಲಿನ ಯಂಕಮ್ಮನ ನಗುವಿನ ಹಾಗೆ ಒಂದು ಬದಿಗೆ ಮಾತ್ರ ಇತ್ತು.

*

“ಅಂದ್ರ ನಿಂಬಿಹಣ್ಣಿನಾಕಿ ನಿನಗ ಬಂದ್ಲು, ನಾ ಅಲ್ಲೇ ಉಳದೆ,” ಅಂದಳು ಯಂಕಮ್ಮ. ರೊಟ್ಟಿ ತಟ್ಟುವುದನ್ನು ನಿಲ್ಲಿಸಿರಲಿಲ್ಲ.

“ಪುರಾವೆ ಇಲ್ಲ ಯವ್ವ. ಕ್ಯಾಮೆರಾ ಅವಂದು, ಲೆನ್ಸ್ ಅವಂದು.”

“ಹೌದೌದು.” ಯಂಕಮ್ಮ ರೊಟ್ಟಿ ಮಗುಚಿದಳು. “ಉಣ್ಣು ಮೊದ್ಲ.”

ಮರುದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಬುಟ್ಟಿ ಹೊರುವ ಸಿಂಬಿ ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡು ಹಲಸೂರಿನ ಬಸ್ಸು ಹತ್ತಿದಳು. ರೇವತಿ ಹಿಂದೆಯೇ ಓಡಿದಳು. ಸ್ಟುಡಿಯೋದಲ್ಲಿ ಮೂರು ಜನ ಗಿರಾಕಿಗಳಿದ್ದರು. ಯಂಕಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಗೋಡೆಯ ಮೇಲಿನ ತನ್ನ ಮುಖದ ಕೆಳಗೆ ನಿಂತಳು.

“ಏನಪಾ, ಇದು ಯಾರ ಮಾರಿ?”

ಗಿರಾಕಿಗಳು ಫೋಟೋ ನೋಡಿದರು, ಅವಳನ್ನು ನೋಡಿದರು. ವಸಂತ್ ಗಂಟಲು ಸರಿಮಾಡಿಕೊಂಡ. “ಅಮ್ಮಾ, ಅದು ಸ್ಟುಡಿಯೋ ಪ್ರಾಪರ್ಟಿ.”

“ಕ್ಯಾಮೆರಾ ನಿಂದಪಾ, ಇಟಗೊ. ಲೆನ್ಸ್ ನಿಂದು, ಅದೂ ಇಟಗೊ. ಗ್ವಾಡಿ ನಿಂದು, ಮೊಳಿ ನಿಂದು, ಬ್ಯಾಡ ಅಂದೋರ್ಯಾರು? ಮಾರಿ ನಂದು. ಅದನ್ನ ನಾ ಒಯ್ತೀನಿ.”

ಸ್ಟೂಲಿನ ಮೇಲೆ ಹತ್ತಿ ಕಟ್ಟನ್ನು ಮೊಳೆಯಿಂದ ಬಿಡಿಸಿದಳು. ದಿನಕ್ಕೆ ಇನ್ನೂರು ಬುಟ್ಟಿ ಎತ್ತುವ ತೋಳಿಗೆ ಅದೊಂದು ಭಾರವೇ ಅಲ್ಲ. ವಸಂತ್ ಮೇಜು ಸುತ್ತಿ ಬಂದ, ಆದರೆ ಗಿರಾಕಿಗಳಲ್ಲಿದ್ದ ಒಬ್ಬ ಮುದುಕಿ, “ಅವರ್ದೇ ಅಲ್ವೇನಪ್ಪಾ ಮುಖ?” ಅಂದಳು. ಅವನ ಕೈ ಅಲ್ಲೇ ನಿಂತಿತು. ಹೊರಗೆ ಬಂದು ಯಂಕಮ್ಮ ತಲೆ ಮೇಲೆ ಸಿಂಬಿ ಇಟ್ಟು, ಸಿಂಬಿಯ ಮೇಲೆ ತನ್ನ ಫೋಟೋ ಇಟ್ಟು, ಹಲಸೂರಿನ ಬಜಾರಿನಲ್ಲಿ ಹಗಲು ಹನ್ನೊಂದು ಗಂಟೆಗೆ ನಡೆದಳು. ಬಸ್ಸಿನಲ್ಲಿ ಕಂಡಕ್ಟರು ಲಗೇಜು ಅಂದ. “ಲಗೇಜಲ್ಲೋ ಯಪ್ಪಾ, ನಾನ ಅದೀನಿ,” ಅಂದಳು.

ಒಂದು ತಿಂಗಳು ಕಳೆಯಿತು. ರೇವತಿ ಈಗ ಅಕ್ತರ್ ಕೋಣೆಯ ಹಿಂಬದಿಯಲ್ಲಿ ಪ್ರಿಂಟು ಹಾಕುತ್ತಿದ್ದಳು. ಅಲ್ಲಿನ ಗೋಡೆಯ ಮೇಲೆ ಶಂಶುನ್ನೀಸಾ ಬೀಬಿ ಬೂಷ್ಟಿನಿಂದ ಹೊರಬಂದು ಕೂತಿದ್ದರು. ವಸಂತನ ಎಫ್‌ಎಂ ಟೂ ರಿಪೇರಿಗೆ ಬಂದು ಮೇಜಿನ ಮೇಲೆ ಬಿದ್ದಿತ್ತು. “ಬೇರೆ ನಾಲಿಗೆ ನನ್ನ ಡಬ್ಬದಲ್ಲೇ ಇದೆ. ಹಾಕ್ಲಾ?” ಅಂತ ಅಕ್ತರ್ ಕೇಳಿದರೆ, “ಮದುವೆ ಸೀಸನ್ ಮುಗೀಲಿ ಭಾಯ್,” ಅನ್ನುತ್ತಿದ್ದಳು. ಅಕ್ತರ್ ಬೈಯುತ್ತಿದ್ದರು, ಹಾಕುತ್ತಿರಲಿಲ್ಲ.

ಅಷ್ಟಾದರೂ ಅವಳ ಹೊಟ್ಟೆ ತುಂಬಿರಲಿಲ್ಲ. ಒಂದು ಮಧ್ಯಾಹ್ನ ಹಲಸೂರಿಗೆ ಹೋಗಿ, ಸ್ಟುಡಿಯೋದ ಎದುರಿನ ಫುಟ್‌ಪಾತಿನಲ್ಲಿ ನಿಂತಳು. ಒಳಗೆ ಗೋಡೆಯ ಮೇಲೆ ಕಟ್ಟು ಇದ್ದ ಜಾಗ ಬಾಗಿಲಷ್ಟು ಅಗಲಕ್ಕೆ ಬಿಳಿಯಾಗಿ ಉಳಿದಿತ್ತು. ನಡುವೆ ಮೊಳೆ. ಅದರ ಕೆಳಗೆ ವಸಂತ್ ಬರಿಗೈಯಲ್ಲಿ, ಗಿರಾಕಿಯಿಲ್ಲದೆ, ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಕೂತಿದ್ದ. ಬಾಗಿಲ ಗಾಜಿನ ಮೇಲೆ ಬಿಸಿಲು ಚೂರು ಚೂರಾಗಿ ಬಿದ್ದಿತ್ತು. ಅವಳು ಎಫ್‌ಎಂ ಎತ್ತಿ ಒತ್ತಿದಳು. ಒತ್ತಿದಾಗಲೇ ಗೊತ್ತಾಯಿತು.

ಪ್ರಿಂಟು ತಂದು ಮನೆಯ ಗೋಡೆಗೆ, ಅವ್ವನ ಕಟ್ಟಿನ ಪಕ್ಕ ಸಿಕ್ಕಿಸಿದಳು. ವಸಂತನ ಮುಖದ ಸುತ್ತ ಕಚ್ಚಿದ ಬೆಳಕುಗಳು ಮುತ್ತಿಕೊಂಡಿದ್ದವು. ಬರುವ ವರ್ಷದ ಸ್ಪರ್ಧೆಗೆ ಇದೇ, ಅಂತ ಹೇಳಿದಳು.

ಯಂಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದಳು. “ಚೆಂದ ಬಂದದ,” ಅಂದಳು. ಇನ್ನಷ್ಟು ನೋಡಿದಳು. “ಕ್ಯಾಮೆರಾ ಯಾರ್ದು?”

“ನಂದು.”

“ಲೆನ್ಸ್?”

“ನಂದ ಯವ್ವ.”

“ಮಾರಿ?”

ರೇವತಿ ಪ್ರಿಂಟಿನ ಮೂಲೆ ಒತ್ತಿ ಸರಿಮಾಡಿದಳು. ಹೊರಗೆ ನೀರಿನ ಟ್ಯಾಂಕರು ಬಂದು ಕೊಡಗಳ ಸದ್ದು ಶುರುವಾಗಿತ್ತು.

“ನಾ ಹ್ವಾದಂಗ ಅವನೂ ಬಂದ್ರ? ನನ್ ಮಾರಿ ನನಗ ಕೊಡು ಅಂತ ಈ ಗ್ವಾಡಿ ಮುಂದ ನಿಂತ್ರ ಏನ್ ಮಾಡ್ತಿ?”

ರೇವತಿ ಬಾಗಿಲಿಗೆ ಹೋಗಿ, ಅರ್ಧ ಮುಚ್ಚಿದ್ದ ಕದವನ್ನು ಪೂರ್ತಿ ತೆರೆದು, ಅಲ್ಲಾಡದ ಹಾಗೆ ಕಲ್ಲು ಇಟ್ಟಳು. ರಸ್ತೆಗೆ ಎದುರಾಗಿ ಹೊಸ್ತಿಲ ಮೇಲೆ ಕೂತಳು. ಎಫ್‌ಎಂ ತೊಡೆಯ ಮೇಲಿತ್ತು, ಫಿಲಂನಲ್ಲಿ ಇನ್ನೂ ಹನ್ನೆರಡು ಕ್ಲಿಕ್ಕು ಉಳಿದಿದ್ದವು.

“ಬರ್ಲಿ,” ಅಂದಳು.